ರನ್ನರ್ ಓಡಿದ ರನ್ನು ಯಾರದು?

ಬೇವಿನ ಗಿಡದ ಕೆಳಗೆ ಕಬ್ಬಿಣದ ಕುರ್ಚಿ, ಕುರ್ಚಿಯಲ್ಲಿ ನಮ್ಮ ಇಂಗ್ಲಿಷ್ ಟೀಚರ್ ವಿಮಲಾಬಾಯಿ, ಪಕ್ಕದಲ್ಲಿ ತರಗತಿಯಿಂದ ಹೊತ್ತು ತಂದ ಕರಿಹಲಗೆ. ಅಂಪೈರ್ ಜಾಗದಲ್ಲಿ ಡ್ರಿಲ್ ಮಾಸ್ತರರು. ಬ್ಯಾಟು ಹಿಡಿದು ನಿಂತವಳು ಸಂಗೀತಾ. ಹಿಂದಿನ ದಿನ ಹೊಲದ ಬದುವಿನ ಮೇಲೆ ಕಾಲು ಉಳುಕಿಸಿಕೊಂಡು ಬಂದಿದ್ದಳು. ಅವಳ ಬದಲು ಓಡಲು ಪಕ್ಕದಲ್ಲಿ ನಿಂತವಳು ನಾನು. ಉಳಿದ ಹುಡುಗಿಯರೆಲ್ಲ ಮೈದಾನದ ತುಂಬ ಚದುರಿದ್ದರು. ಭಾಲ್ಕಿಯ ನಮ್ಮ ಶಾಲೆ ಎಂದಾಗಲೆಲ್ಲ ನನಗೆ ಮೊದಲು ಕಾಣುವುದು ಈ ಚಿತ್ರ.

ವಿಮಲಾ ಟೀಚರ್ ತಮ್ಮ ಜನ್ಮದಲ್ಲಿ ಒಂದು ಚೆಂಡನ್ನೂ ಹೊಡೆದವರಲ್ಲ. ಆದರೆ ಸ್ಕೋರ್ ಬರೆಯುವ ಹುಚ್ಚು ವಿಪರೀತ. ಔರಾದದ ಮನೆಯಲ್ಲಿ ಅಪ್ಪನ ರೇಡಿಯೋದ ಮುಂದೆ ಕೂತು ಕಾಮೆಂಟರಿ ಕೇಳುತ್ತಲೇ ಆಟವನ್ನೂ ಇಂಗ್ಲಿಷನ್ನೂ ಒಟ್ಟಿಗೆ ಕಲಿತವರು. ಕಿವಿಯ ಹಿಂದೆ ಸುಣ್ಣದ ಕಡ್ಡಿ, ಸೀರೆಯ ನೆರಿಗೆಯ ಮೇಲೆಲ್ಲ ಬಿಳಿ ಪುಡಿ. ಎದುರಿಗೆ ಮುಖ್ಯೋಪಾಧ್ಯಾಯರು ಬಂದು ನಿಂತರೂ, “ಜರಾ ಬಾಜೂಕ ಸರೀರಿ ಸರ್, ಬಾಲ್ ಕಾಣ್ಸವಲ್ದು,” ಎನ್ನುವ ಹೆಂಗಸು.

ಆ ದಿನ ಸಂಗೀತಾ ಹೊಡೆದೇ ಹೊಡೆದಳು, ನಾನು ಓಡಿಯೇ ಓಡಿದೆ. ಆಟ ಮುಗಿದಾಗ ಏದುಸಿರು ಬಿಡುತ್ತ ಹಲಗೆ ನೋಡುತ್ತೇನೆ: ಎಲ್ಲ ರನ್ನೂ ಸಂಗೀತಾಳ ಹೆಸರಿಗೆ. ನನ್ನ ಹೆಸರೇ ಇಲ್ಲ! ಅದಕ್ಕಿಂತ ಹೊಟ್ಟೆ ಉರಿಸಿದ ಸಂಗತಿಯೆಂದರೆ, ಆ ಬ್ಯಾಟು ನನ್ನದು. ಅಪ್ಪ ಬೀದರಿನಿಂದ ತಂದುಕೊಟ್ಟದ್ದು. ನಮ್ಮೂರು ಮೆಹಕರದ ಓಣಿಯ ಕಾಯಿದೆಯಲ್ಲಿ ಬ್ಯಾಟಿನ ಒಡೆಯರದೇ ಮೊದಲ ಆಟ, ಅವರು ಮೊದಲ ಚೆಂಡಿಗೆ ಔಟಾದರೂ ಔಟಲ್ಲ.

“ಟೀಚರ್, ಬ್ಯಾಟ್ ನಂದು, ಓಡಿದಾಕಿನೂ ನಾ. ಆಕಿ ನಿಂತಲ್ಲೇ ನಿಂತಿದ್ಳು. ಅರ್ಧರೆ ನನ್ನ ಹೆಸರಿಗಿ ಬರೀರಿ!”

“ಬ್ಯಾಟ್ ಯಾರ ಮನೀದು ಅಂತ ಯಾರ್ ಕೇಳ್ಯಾರ? ಹೊಡ್ತ ಯಾರದು? ಆಕಿದು. ರನ್ನರ್ ಎಷ್ಟರೆ ಓಡ್ಲಿ, ರನ್ ಹೊಡ್ದಾಕಿದೇ.”

“ಹಂಗಾದ್ರ ನನಗೇನ್ ಸಿಕ್ತು?”

“ಹಸಿವು. ಮನಿಗಿ ಹೋಗಿ ಎರಡು ರೊಟ್ಟಿ ಜಾಸ್ತಿ ತಿನ್ನು ಹೋಗು.”

ಹುಡುಗಿಯರೆಲ್ಲ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂದದ್ದು ಕಂಡು ಟೀಚರ್ ಎಲ್ಲರನ್ನೂ ಗಿಡದ ಕೆಳಗೆ ಕೂರಿಸಿದರು. ಹಲಗೆ ಒರೆಸಿ ಇಂಗ್ಲಿಷಿನಲ್ಲಿ ‘ಆಫ್ ಹಿಸ್ ಓನ್ ಬ್ಯಾಟ್’ ಎಂದು ಬರೆದರು.

“ಇಂಗ್ಲಂಡಿನಾಗ ಹಳೇ ಕಾಲದಾಗ ಈ ಆಟದ ಲೆಕ್ಕ ಬರಿಯೋರು ಎರಡು ನಮೂನಿ ರನ್ ಬ್ಯಾರಿ ಬ್ಯಾರಿ ಇಡ್ತಿದ್ರು. ಬಾಲ್ ಬ್ಯಾಟಿಗಿ ತಾಕದೇ ಹಿಂದ ಹೋಯ್ತು, ನೀವು ಓಡಿದ್ರಿ. ಅದು ಬೈ ರನ್, ಟೀಮಿಂದು. ತಾನೇ ಹೊಡ್ದು ತಂದಿದ್ದು ಇದು, ಆಫ್ ಹಿಸ್ ಓನ್ ಬ್ಯಾಟ್, ಅಂದ್ರ ತನ್ನದೇ ಬ್ಯಾಟಿಲೆ. ಮುಂದ ಈ ಮಾತು ಮೈದಾನ ಬಿಟ್ಟು ಊರಾಗ ಬಂತು. ಯಾರೂ ಹೇಳ್ದೆ, ಯಾರ ಕೈನೂ ಹಿಡೀದೆ, ತನ್ನ ಮನಸಿಲೆ ತಾನೇ ಮಾಡಿದ ಕೆಲ್ಸಕ್ಕ ಹಿಂಗ ಅಂತಾರ.”

ಈ ಮಾತು ಟೀಚರಿಗೆ ಬರೀ ಪಾಠವಾಗಿರಲಿಲ್ಲ, ಜಗತ್ತನ್ನು ಅಳೆಯುವ ಗಜಕಡ್ಡಿಯಾಗಿತ್ತು. ವಶೀಲಿ ಹಚ್ಚಿ ನೌಕರಿ ಹಿಡಿದವರನ್ನು ಕಂಡರೆ “ಬೈ ರನ್” ಎಂದು ಗೊಣಗುವರು. ಗೈಡು ನೋಡಿ ಬರೆದ ಪ್ರಬಂಧದ ಕೆಳಗೆ ಕೆಂಪು ಶಾಯಿಯಲ್ಲಿ ‘ಲೆಗ್ ಬೈ’ ಎಂದು, ಅಂದರೆ ಬ್ಯಾಟಿಗಲ್ಲ, ಕಾಲಿಗೆ ತಾಗಿ ಬಂದ ರನ್ನು ಎಂದು ಬರೆಯುವರು. ಮದುವೆ ಮಾಡಿಕೊಳ್ಳದೆ ಮಾಳಿಗೆಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ಫ್ಯೂಸು ಹೋದರೆ ತಾವೇ ತಂತಿ ಕಟ್ಟುವರು. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, “ಯಾಕಪ್ಪ, ನಿನಗ ಕುಂಡ್ರಲಾಕ ಬರಲ್ಲೇನು?” ಎಂದು ನಿಂತೇ ಹೋಗುವರು. ಅವರ ಚೀಲ ಹಿಡಿದುಕೊಳ್ಳಲು ಕೈ ಚಾಚುವ ಧೈರ್ಯ ಭಾಲ್ಕಿಯಲ್ಲಿ ಯಾರಿಗೂ ಇರಲಿಲ್ಲ.

ನಿವೃತ್ತರಾದ ಮೇಲೆ ಭಾನುವಾರದ ಬಸ್ಸು ಹತ್ತಿ ಖಟಕ ಚಿಂಚೋಳಿಗೆ ಹೋಗಿ ಇಂಗ್ಲಿಷ್ ಕ್ಲಾಸು ಶುರುಮಾಡಿದರು. ಯಾರೂ ಕೇಳಿರಲಿಲ್ಲ, ಯಾರೂ ಕರೆದಿರಲಿಲ್ಲ. ಕೂಲಿಗೆ ಹೋಗುವವರ ಮಕ್ಕಳು, ಹೆಚ್ಚಾಗಿ ಹುಡುಗಿಯರು, ಊರಿನ ಸಮುದಾಯ ಭವನದಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಅಷ್ಟು ಹೊತ್ತಿಗೆ ನಾನೂ ಓದು ಮುಗಿಸಿ, ಭಾಲ್ಕಿಯಲ್ಲೇ ನೌಕರಿ ಹಿಡಿದು, ಸ್ಕೂಟಿ ಕೊಂಡಿದ್ದೆ.

ಆಗ ಅವರ ಮಂಡಿ ಕೈಕೊಟ್ಟಿತು. ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲೇಕೂಡದು, ಮಾಳಿಗೆಯ ಮೆಟ್ಟಿಲನ್ನೂ ಕಂಬಿ ಹಿಡಿದೇ ಇಳಿಯಬೇಕು ಎಂದರು ಡಾಕ್ಟರು. ಸುದ್ದಿ ಕೇಳಿ ನಾನು ಮಾಳಿಗೆ ಹತ್ತಿ ಹೋದಾಗ, ಬೀದರಿನ ನೌಬಾದದಿಂದ ಕಾರು ತಂದಿದ್ದ ಅವರ ತಮ್ಮ ಭೀಮರಾವ್ ಅಕ್ಕನ ಮುಂದೆ ಕೂತಿದ್ದರು.

“ಅಕ್ಕಾ, ಸಾಕಾಯ್ತಿನ್ನ. ಗಂಟು ಕಟ್ಟು, ನಡಿ. ಮನಿಯಾಗ ಮೊಮ್ಮಕ್ಕಳವ, ಸೋಫಾದ ಮ್ಯಾಲ ಕುಂತು ಅವಕ್ಕೇ ಕಲಸು.”

“ನಿನ್ನ ಮೊಮ್ಮಕ್ಕಳು ನನಗೇ ಇಂಗ್ಲಿಷ್ ಕಲಸ್ತಾವ. ಸೋಯಾ ರಾಶಿ ಬಂತೋ ಭೀಮ್ಯಾ. ಎರಡು ಐತವಾರ ನಾ ಹೋಗಲಿಲ್ಲಂದ್ರ ಆ ಪೋರಿಗೋಳ್ನ ಹೊಲಕ್ಕ ಕರಕೊಂಡು ಹೋಗ್ತಾರ. ಒಮ್ಮಿ ಹೋದವು ತಿರುಗಿ ಬರಂಗಿಲ್ಲ.”

“ಹ್ಯಾಂಗ ಹೋಗ್ತಿ? ಹಾರಿ ಹೋಗ್ತೇನು?”

ಟೀಚರ್ ಮಂಡಿ ನೀವಿಕೊಂಡರು. 

“ನಾ ಸ್ಕೂಟಿ ಮ್ಯಾಲ ಬಿಡ್ತೇನಿರಿ ಟೀಚರ್,” ಎಂದೆ.

“ನಕ್ಕೋ, ಬ್ಯಾಡವ್ವ. ಈ ವಯಸ್ಸಿನಾಗ ಬೈ ರನ್ ಬ್ಯಾಡ ನನಗ.”

ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. “ಒಂದ್ ಕೇಳ್ತೇನಿ, ಹೇಳ್ರಿ. ಬ್ಯಾಟ್ ಹಿಡಿದಾಕಿ ಕಾಲಿಗಿ ಪೆಟ್ಟಾದ್ರ ಏನ್ ಮಾಡ್ತಾರ?”

“ರನ್ನರ್ ತಗೋತಾರ. ಇಷ್ಟೂ ಮರ್ತೇನು?”

“ರನ್ನರ್ ಓಡಿದ ರನ್ ಯಾರ ಹೆಸರಿಗಿ ಬರೀತಾರ?”

 ಟೀಚರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಭೀಮರಾವ್ ಏನೂ ತಿಳಿಯದೆ ಅಕ್ಕನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡುತ್ತಿದ್ದರು.

“ಬದ್ಮಾಷ್,” ಎಂದರು ಟೀಚರ್ ಕೊನೆಗೆ. “ಇಷ್ಟು ವರ್ಷ ಹೊಟ್ಟಿಯಾಗ ಇಟ್ಕೊಂಡಿದ್ದೇನ ಅದು?”

“ಎರಡು ರೊಟ್ಟಿ ಜಾಸ್ತಿ ತಿಂದಿದ್ನಲ್ರಿ, ಅದರ ಜೋಡಿ.”

ನಗು ಬಂದು ಅವರು ಮಂಡಿ ಹಿಡಿದುಕೊಂಡರು. “ಆಯ್ತು. ಆದ್ರ ರನ್ನರ್ ರನ್ನರಿನಂಗೇ ಇರ್ಬೇಕು. ಕ್ಲಾಸಿನಾಗ ಬಂದು ನಡುವ ಬಾಯಿ ಹಾಕಂಗಿಲ್ಲ.”

ಹೀಗೆ ನಾನು ಎರಡನೇ ಸಲ ರನ್ನರಾದೆ. ಅವರಿಗೆಂದೇ ಒಂದು ಹೆಲ್ಮೆಟ್ ತಂದುಕೊಟ್ಟೆ. ಬೆಳ್ಳಗಾದ ತುರುಬು ಅದರಲ್ಲಿ ಹಿಡಿಸದೆ, ಜಡೆ ಬಿಟ್ಟುಕೊಂಡು ಹಿಂದೆ ಕೂರುತ್ತಿದ್ದರು. ದಾರಿಯುದ್ದಕ್ಕೂ ನನ್ನ ಗಾಡಿ ಓಡಿಸುವಿಕೆಗೆ ಕಾಮೆಂಟರಿ. “ಎತ್ತಿನ ಗಾಡಿ ಮುಂದ ಹೋಯ್ತು, ನೋಡು. ಸ್ಟ್ರೈಕ್ ರೊಟೇಟ್ ಮಾಡು!” ಖಟಕ ಚಿಂಚೋಳಿ ತಲುಪಿದೊಡನೆ ಚೀಲ ತಾವೇ ಹೊತ್ತು ಒಳಗೆ ಹೋಗುವರು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು, ಕಿಟಕಿಯಿಂದ ಬರುವ ಹುಡುಗಿಯರ ದನಿ ಕೇಳುತ್ತಿದ್ದೆ. ಸೋಯಾ ರಾಶಿ ಮುಗಿಯಿತು, ಕಡಲೆ ರಾಶಿಯೂ ಮುಗಿಯಿತು. ಚಾಪೆಯ ಮೇಲಿನ ಒಂದು ಜಾಗವೂ ಖಾಲಿಯಾಗಲಿಲ್ಲ.

ಬೇಸಿಗೆ ರಜೆಯಲ್ಲಿ ಬೀದರಿನಲ್ಲಿ ಮಂಡಿಯ ಆಪರೇಷನ್ ಆಯಿತು. ನೌಬಾದದ ಸೋಫಾದ ಮೇಲೆ ರಜೆಯಿಡೀ ಕೂತು, ಬಯ್ದುಕೊಳ್ಳುತ್ತ ವ್ಯಾಯಾಮ ಮಾಡಿ, ಶಾಲೆ ಶುರುವಾಗುವ ಹೊತ್ತಿಗೆ ಭಾಲ್ಕಿಗೆ ಮರಳಿದರು.

ಮೊದಲ ಭಾನುವಾರ ಎಂದಿನಂತೆ ಅವರನ್ನು ಕರೆದೊಯ್ಯಲು ಹೋದೆ. ಮಾಳಿಗೆಯ ಬಾಗಿಲಿಗೆ ಬೀಗ. ಚಿಲಕಕ್ಕೆ ಹೆಲ್ಮೆಟ್ ತೂಗುಹಾಕಿತ್ತು, ಒರೆಸಿ ಫಳಫಳ ಮಾಡಿದ್ದರು. ಕೆಳಗಿನ ಮನೆಯ ಅಜ್ಜಿ ಅಂಗಳ ಗುಡಿಸುತ್ತ ತಲೆ ಎತ್ತಿದರು.

“ಟೀಚರ್ ಮೊದಲನೇ ಬಸ್ಸಿಗೇ ಹೋದ್ರಲ್ಲವ್ವಾ,” ಎಂದರು. “ಚೀಲ ಹಿಡೀಲಾಕ ಹೋದ್ರ ನನಗೂ ಬಯ್ದ್ರು.”