ಮೊದಲು ಬದಲಾ, ಆಮೇಲೆ ಅರಿಶಿನ

ಹುಮನಾಬಾದಿನಲ್ಲಿ ನಾನು ಬಾಡಿಗೆಗೆ ಹಿಡಿದಿರುವ ಖೋಲಿಯ ಬಾಗಿಲು ಗಿಡ್ಡ. ಮೊನ್ನೆ ಮುಂಜಾನೆ ಅದರ ಚೌಕಟ್ಟು ಹಣೆಗೆ ಬಡಿಯಿತು. ಇಷ್ಟು ದಿನದಿಂದ ಅದೇ ಬಾಗಿಲಲ್ಲಿ ಓಡಾಡುತ್ತಿದ್ದರೂ ಬಗ್ಗಿ ಹೋಗಬೇಕೆಂಬುದು ನನಗಿನ್ನೂ ಹೊಳೆದಿಲ್ಲ. ನೋವಿಗೆ ಕಣ್ಣು ಮುಚ್ಚಿದೆ. ತೆರೆದಾಗ ನನ್ನ ಕೈಯಲ್ಲಿ ಚಪ್ಪಲಿ ಇತ್ತು, ನಾನು ಚೌಕಟ್ಟಿಗೆ ಹೊಡೆಯುತ್ತಿದ್ದೆ. ಎದುರು ಮನೆಯ ಅಜ್ಜ ಹಲ್ಲುಜ್ಜುವುದನ್ನು ಬಿಟ್ಟು ನೋಡುತ್ತಿದ್ದ. ಮೀಸೆ ಬಂದ ಗಂಡಸು, ಕಟ್ಟಿಗೆಯ ಜೊತೆ ಜಗಳ... ಅವನಿಗೆ ಹೇಗೆ ಹೇಳಲಿ, ಇದು ಬಸವಕಲ್ಯಾಣದಲ್ಲಿ ನಮ್ಮ ಬಾಜೂ ಮನೆಯ ಕಾಕು ಕಲಿಸಿದ ಔಷಧ ಎಂದು.

ಕಾಕು ಎಂದರೆ ನಮಗೆ ರಕ್ತ ಸಂಬಂಧವೇನಲ್ಲ. ಎರಡು ಮನೆಗೂ ನಡುವೆ ಒಂದು ಗೋಡೆ, ಅಷ್ಟೇ ಸಂಬಂಧ. ಮಗಳನ್ನು ಚಿಟಗುಪ್ಪಕ್ಕೆ ಕೊಟ್ಟ ಮೇಲೆ ಆ ಮನೆಯಲ್ಲಿ ಆಕೆ ಮತ್ತು ಆಕೆಯ ಗಂಡ ಕಾಕಾ ಇಬ್ಬರೇ. ಗಲ್ಲಿಯಲ್ಲಿ ಯಾವ ಮಗು ಬಿದ್ದರೂ ತಾಯಂದಿರು ಎತ್ತಿಕೊಂಡು ಓಡುತ್ತಿದ್ದದ್ದು ಆಕೆಯ ಅಂಗಳಕ್ಕೆ. ನನ್ನ ಅವ್ವನಿಗೆ ಗೊತ್ತಿದ್ದ ಪ್ರಥಮ ಚಿಕಿತ್ಸೆಯೂ ಅಷ್ಟೇ: ಬಿದ್ದು ಬಂದವನ ಬೆನ್ನಿಗೆ ಒಂದು ಗುದ್ದು, ಆಮೇಲೆ ಕಾಕುವಿನ ಮನೆಗೆ ಎಳೆದೊಯ್ಯುವುದು.

ಕಾಕು ಮೊದಲು ಗಾಯ ನೋಡುತ್ತಿರಲಿಲ್ಲ. "ಯಾವದು ಬಡೀತು, ತಮ್ಮಾ?" ಎಂದು ಕೇಳುತ್ತಿದ್ದಳು. ಹೊಸ್ತಿಲು ದೇವರು, ಅದಕ್ಕೆ ಅಂಗೈಯಿಂದ ಮೆಲ್ಲಗೊಂದು ಏಟು. ಮಂಚ, ಪೆಟ್ಟಿಗೆ, ಒನಕೆಗಳಿಗೆ ಅಂಥ ರಿಯಾಯಿತಿ ಇರಲಿಲ್ಲ, ಕಸಬರಿಗೆಯಿಂದ ಫಟ್ ಫಟ್. "ನಮ್ಮ ಹುಡುಗಗ ಬಡೀತಿ? ಸೊಕ್ಕ ಬಂದದ ನಿನಗ?" ನಾವು ಅಳುವುದನ್ನು ಮರೆತು ನೋಡುತ್ತಿದ್ದೆವು. ಸೇಡಿಗೆ ನಮ್ಮ ಕಡೆ ಬದಲಾ ಎನ್ನುತ್ತಾರೆ. ಬದಲಾ ತೀರಿದ ಮೇಲೆಯೇ ಕುಸುಬಿ ಎಣ್ಣೆಯಲ್ಲಿ ಬಿಸಿ ಮಾಡಿದ ಅರಿಶಿನ, ಹಳೆ ಸೀರೆಯ ಪಟ್ಟಿ. ಕಾಲು ಉಳುಕಿದರೆ ಹುರಿದ ಉಪ್ಪಿನ ಗಂಟು. ಅದನ್ನು ತನ್ನ ಕೆನ್ನೆಗೆ ಮುಟ್ಟಿಸಿ, ಬಿಸಿ ತಡೆಯುತ್ತದೆಯೋ ಇಲ್ಲವೋ ನೋಡಿ, ಆಮೇಲೆ ನಮ್ಮ ಕಾಲಿಗೆ ಇಡುತ್ತಿದ್ದಳು. ನೋವು ಇಳಿಯುತ್ತಿದ್ದದ್ದು ಉಪ್ಪಿನಿಂದಲೋ ಕಸಬರಿಗೆಯಿಂದಲೋ, ನನಗೆ ಇಂದಿಗೂ ಅನುಮಾನ.

ನನಗಂತೂ ಸೇಡಿನ ಚಟವೇ ಹತ್ತಿತು. ಬಿದ್ದದ್ದು ಒಂದು ಪೆಟ್ಟಾದರೆ ಹೊಡೆಯಲು ಮೂರು ಬೇಕೆಂದು ಹಠ ಹಿಡಿಯುತ್ತಿದ್ದೆ. ಕಾಲ ಮೇಲೆ ಬಿದ್ದ ತಂಬಿಗೆಯನ್ನು ಒದೆಯಲು ಹೋಗಿ ಬೀಸುವ ಕಲ್ಲನ್ನು ಒದ್ದು, ಕಲ್ಲಿಗೆ ಬುದ್ಧಿ ಕಲಿಸಲು ಹೋಗಿ ಕೈ ಜಜ್ಜಿಕೊಂಡು, ಒಂದೇ ಮಧ್ಯಾಹ್ನದಲ್ಲಿ ಕೈಕಾಲಿಗೆಲ್ಲ ಪಟ್ಟಿ ಕಟ್ಟಿಸಿಕೊಂಡ ವೀರ ನಾನು. ಅಷ್ಟಾದರೂ ಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ನಿನಗ ಪಟ್ಟಿ ಕಟ್ಟಿ ಕಟ್ಟಿ ನನಗ ಉಡಾಕ ಸೀರಿ ಉಳದಿಲ್ಲ ನೋಡು," ಎಂದು ಕಾಕು ನಗುತ್ತಿದ್ದಳು.

ಒಂದು ಮುಂಜಾನೆ ಆಕೆಯ ಕಣ್ಣಿನ ಕೆಳಗೆ ಬಾತುಕೊಂಡು ನೀಲಿಗಟ್ಟಿತ್ತು. ನಾನು ಆಕೆಯದೇ ಪ್ರಶ್ನೆ ಕೇಳಿದೆ.

"ಯಾವದು ಬಡೀತು, ಕಾಕು?"

ಆಕೆ ಬಾಗಿಲ ಕಡೆ ನೋಡಿದಳು. "ಬಾಗಲಾ ಬಡೀತಪ್ಪ," ಎಂದಳು.

ನನಗೆ ಅಷ್ಟು ಸಾಕಾಗಿತ್ತು. ಚಿಣಿದಾಂಡಿನ ದಾಂಡು ತಂದು ಆ ಮನೆಯ ಬಾಗಿಲಿಗೆ ಬಣ್ಣ ಉದುರುವಂತೆ ಬಡಿದೆ. ಸಪ್ಪಳಕ್ಕೆ ಕಾಕಾ ಹೊರಗೆ ಬಂದ. ಹುಮನಾಬಾದಿನ ಒಂದು ಕಾಳಿನ ಅಂಗಡಿಯಲ್ಲಿ ಅವನಿಗೆ ಕೆಲಸ, ದಿನಾ ಇಸ್ತ್ರಿ ಅಂಗಿ, ಗಲ್ಲಿಯಲ್ಲೆಲ್ಲ ಒಳ್ಳೆಯವನೆಂಬ ಹೆಸರು. ಯಾಕೆ ಹೊಡೆಯುತ್ತಿದ್ದೀ ಎಂದು ಕೇಳಿದ. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೊಡಿ ಮಗನಾ, ಇನ್ನಾ ಜೋರ್ ಹೊಡಿ. ಭಾಳ ಸೊಕ್ಕ ಬಂದದ ಆ ಬಾಗಲಕ್ಕ."

ನಾನು ಹುರುಪಿನಿಂದ ಇನ್ನಷ್ಟು ಹೊಡೆದೆ. ಕಾಕು ನಗಲಿಲ್ಲ. ಸೆರಗು ಮುಂದಕ್ಕೆ ಎಳೆದುಕೊಂಡು ಒಳಗೆ ಹೋದಳು...

ಮನೆಗೆ ಬಂದು ಅವ್ವನ ಮುಂದೆ ನನ್ನ ಪರಾಕ್ರಮ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಬಾಗಲಕ್ಕ ಕೈ ಇರ್ತಾವೇನಲೇ, ಹುಚ್ಚಾ?" ಎಂದಳು.

ಅದು ಅರ್ಥವಾಗಲು ನನಗೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಹಿಡಿಯಿತು. ಅವ್ವನಿಗೆ ಗೊತ್ತಿತ್ತು. ಗಲ್ಲಿಗೆಲ್ಲ ಗೊತ್ತಿತ್ತು. ಪೆಟ್ಟು ತಿನ್ನಬೇಕಾದವನು ನಿಂತು ನಗುತ್ತಿದ್ದ, ನಾನು ಅವನನ್ನು ನಗಿಸುತ್ತ ಕಟ್ಟಿಗೆ ಬಡಿದಿದ್ದೆ. ಆ ನಗುವನ್ನು ನಾನು ಸಾಯುವ ತನಕ ಮರೆಯುವವನಲ್ಲ.

ಅಂದಿನಿಂದ ನನಗೆ ಬೇರೆ ಕೆಲಸವಿರಲಿಲ್ಲ. ಹೊಲದ ಬದುವಿನಿಂದ ನಸುಗುನ್ನಿ ಕಾಯಿ ತಂದು, ಮೈಗೆ ಹತ್ತಿದರೆ ಚರ್ಮ ಕಿತ್ತುಹೋಗುವಂತೆ ತುರಿಸುವ ಅದರ ರೋಮವನ್ನು, ಹಗ್ಗದ ಮೇಲೆ ಒಣಗಲು ಹಾಕಿದ ಕಾಕಾನ ಟವೆಲ್ಲಿಗೆ ಉದುರಿಸುವುದು ಎಂದು ಉಪಾಯ ಹೂಡಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವಷ್ಟು ಬುದ್ಧಿ ಇದ್ದಿದ್ದರೆ ನಾನು ಇಷ್ಟರಲ್ಲಿ ಕಲೆಕ್ಟರ್ ಆಗಿರುತ್ತಿದ್ದೆ. ಟವೆಲ್ಲಿಗೆ ಒಂದು ಎಳೆಯೂ ಬೀಳಲಿಲ್ಲ. ಎಲ್ಲ ನನ್ನ ಮೈಗೇ ಬಂತು. ಕೆರೆದುಕೊಳ್ಳುತ್ತ ಅಂಗಳದ ತುಂಬ ಹೊರಳಾಡಿದೆ. ಕಾಕು ಓಡಿ ಬಂದು, ಅಂಗಿ ಬಿಚ್ಚಿಸಿ, ಮೈಗೆಲ್ಲ ಸೆಗಣಿ ಬಳಿದು ಬಿಸಿಲಿಗೆ ನಿಲ್ಲಿಸಿದಳು. ಗೋಡೆಗೆ ತಟ್ಟಿದ ಕುಳ್ಳಿನ ಹಾಗೆ ನಿಂತಿದ್ದೆ.

"ಯಾರಿಗಿ ಹಾಕಾಕ ಹೋಗಿದ್ದಿ ಇದನ್ನ?"

"ಕಾಕಾಗ. ಬಾಗಲಾ ಬಡದಿಲ್ಲ, ನನಗ ಗೊತ್ತದ."

ಆಕೆಯ ಕೈ ನಿಂತಿತು. ಆಮೇಲೆ ನನ್ನ ಕಿವಿಯ ಹಿಂದೆ ಸೆಗಣಿ ಬಳಿಯುತ್ತ ಮೆಲ್ಲಗೆ ಹೇಳಿದಳು: "ಆ ಬದಲಾ ನಂದು, ತಮ್ಮಾ. ನೀ ನಡುವ ಬರಬ್ಯಾಡ."

ಮರುವರ್ಷ ಮಳೆಗಾಲಕ್ಕೆ ಮುಂಚೆ ಕಾಕಾ ಮಾಳಿಗೆ ಸೋರದ ಹಾಗೆ ಅದರ ಮೇಲೆ ಮಣ್ಣು ಹಾಕಲು ಏಣಿ ಹತ್ತಿದ. ಏಣಿ ಜಾರಿತು. ಬಿದ್ದ ಸಪ್ಪಳಕ್ಕೆ ಗಲ್ಲಿಯೆಲ್ಲ ಅಂಗಳಕ್ಕೆ ಬಂತು. ಅವನ ಪಾದ ಅಡ್ಡಕ್ಕೆ ತಿರುಗಿತ್ತು, ಚೀರುತ್ತಿದ್ದ. ಕಾಕು ಅಲ್ಲೇ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಉಪ್ಪ ಹುರೀರಿ ಕಾಕು, ಲಗೂ ಹುರೀರಿ," ಎಂದರು ಯಾರೋ.

"ನನ್ನ ಕೈ ಖಾಲಿ ಇಲ್ಲ. ದವಾಖಾನಿಗಿ ಒಯ್ರಿ."

ಮುರಿದ ಕಾಲನ್ನು ದವಾಖಾನೆಗೆ ಒಯ್ಯುವುದೇ ಸರಿ, ಆ ಮಾತಿನಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಆದರೆ ಪರರ ಮಗುವಿನ ಮೊಣಕಾಲು ತರಚಿದರೂ ರೊಟ್ಟಿ ಬಿಟ್ಟು ಓಡುತ್ತಿದ್ದ ಹೆಂಗಸು ಕುಳಿತಲ್ಲಿಂದ ಏಳಲಿಲ್ಲ. ಮೊರದ ಸಪ್ಪಳ ನಿಲ್ಲಲಿಲ್ಲ. ಕಾಕಾ ಚೀರುವುದನ್ನು ಬಿಟ್ಟು ಆಕೆಯನ್ನೇ ನೋಡಿದ. ಅವನಿಗೆ ಅರ್ಥವಾಯಿತು. ಜನ ಅವನನ್ನು ಆಟೋದಲ್ಲಿ ಹಾಕಿಕೊಂಡು ಹೋದರು.

ಅಂಗಳ ಬರಿದಾದ ಮೇಲೆ ಕಾಕು ಎದ್ದು ಬಿದ್ದಿದ್ದ ಏಣಿಯ ಹತ್ತಿರ ಹೋದಳು. ಕಸಬರಿಗೆ ಮೂಲೆಯಲ್ಲೇ ಇತ್ತು, ಅದರ ಕಡೆ ನೋಡಲಿಲ್ಲ. ಏಣಿಯನ್ನು ಎತ್ತಿ, ಸೆರಗಿನಿಂದ ಮಣ್ಣು ಒರೆಸಿ, ನೆರಳಿಗೆ ಒರಗಿಸಿ, ನಮ್ಮ ಬೆನ್ನು ತಟ್ಟುವ ಹಾಗೆ ಅದನ್ನೊಮ್ಮೆ ತಟ್ಟಿದಳು. ನಡುವಿನ ಗೋಡೆಯ ಮೇಲೆ ಕುಳಿತು ನಾನು ನೋಡುತ್ತಿದ್ದೆ. ಅಂಥ ಹಬ್ಬ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ.

ಆಮೇಲೆ ಕಾಕಾನಿಗೆ ಆಕೆ ರೊಟ್ಟಿ ಕೊಟ್ಟಳು, ನೀರು ಕೊಟ್ಟಳು. ಆ ಕಾಲನ್ನು ಮಾತ್ರ ಒಂದು ದಿನವೂ ಮುಟ್ಟಲಿಲ್ಲ. ಅವನೂ ಮತ್ತೆ ಆಕೆಯ ಮೇಲೆ ಕೈ ಎತ್ತಿದ್ದನ್ನು ನಾನು ಕಾಣೆ.

ಹೋದ ವರ್ಷ ಜ್ವರ ಬಂದು ಕಾಕು ತೀರಿಕೊಂಡಳು. ಹುಮನಾಬಾದಿನಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಮುಖ ಕೂಡ ಸಿಗಲಿಲ್ಲ... ಈ ಭಾನುವಾರ ಊರಿಗೆ ಹೋದಾಗ ಕಾಕಾ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಕರೆದ. ಹೋಗಿ ಕುಳಿತೆ.

"ದೇವರಂಥಾಕಿ ಇದ್ದಳು ನಿಮ್ಮ ಕಾಕು," ಎಂದು ಕಣ್ಣು ಒರೆಸಿಕೊಂಡ. "ಒಂದಿನಾನೂ ನನಗ ಎದುರ ಮಾತಾಡ್ಲಿಲ್ಲ."

"ಹೌದ್ರಿ ಕಾಕಾ. ಮಾತಾಡ್ಲಿಲ್ಲ."

"ಥಂಡ್ಯಾಗ ಈ ಕಾಲ ಭಾಳ ನೋಯ್ತದ, ತಮ್ಮಾ. ಉಪ್ಪಿನ ಶಾಖ ಕೊಡೋರು ಒಬ್ಬರೂ ಇಲ್ಲ."

ನನಗೆ ಬರುತ್ತದೆ. ಉಪ್ಪು ಎಷ್ಟು ಹುರಿಯಬೇಕು, ಗಂಟು ಎಷ್ಟು ಬಿಗಿ ಇರಬೇಕು, ಎಲ್ಲಿಂದ ಎಲ್ಲಿಗೆ ಒತ್ತಬೇಕು, ಎಲ್ಲವೂ ಬರುತ್ತದೆ. ಆಕೆಯದೆಂದು ನನ್ನ ಹತ್ತಿರ ಉಳಿದಿರುವುದು ಅಷ್ಟೇ.

"ಬಸ್ಸಿಗಿ ಹೊತ್ತಾತ್ರಿ ಕಾಕಾ," ಎಂದು ಎದ್ದೆ.

ಹೊತ್ತೇನೂ ಆಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ಹುಮನಾಬಾದಿನ ಬಸ್ಸುಗಳು ಬಂದವು, ಹೋದವು. ನಾನು ಬೆಂಚಿನ ಮೇಲೆ ಬಹಳ ಹೊತ್ತು ಕುಳಿತೇ ಇದ್ದೆ.