ನನ್ನ ಜೋಡೀದಾರನ ಹುಟ್ಟೂರು

ಅವನ ಎರಡೂ ಕಿವಿ ಒಡೆದಿದ್ದವು. ಕುಸ್ತಿಯ ಹಿಡಿತದಲ್ಲಿ ಉಜ್ಜಿ ಉಜ್ಜಿ, ರಕ್ತ ಕಟ್ಟಿ, ಒಣಗಿದ ಅಂಜೂರದ ಹಾಗೆ ಮುದುಡಿ ಗಟ್ಟಿಯಾಗಿದ್ದವು. ನಮ್ಮ ಜಮಖಂಡಿಯ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಕಿವಿ ಒಡೆದವನ ಮರ್ಯಾದೆಯೇ ಬೇರೆ. ನನ್ನ ಕಿವಿಗಳು ಮಾತ್ರ ಮದುವೆ ಗಂಡಿನ ಕಿವಿಗಳಂತೆ ನೆಟ್ಟಗೆ ಉಳಿದುಬಿಟ್ಟಿದ್ದವು. ಬಚ್ಚಲಿನ ಗೋಡೆಗೆ ತಿಕ್ಕಿ ನೋಡಿದ್ದೂ ಉಂಟು. ಉರಿ ಬಂತೇ ಹೊರತು ಕಿವಿ ಒಡೆಯಲಿಲ್ಲ. ಅವ್ವ ಅರಿಸಿನ ಹಚ್ಚುತ್ತ ಬೈದಳು.

ತಾಲೀಮಿನಲ್ಲಿ ದಿನವೂ ಯಾರ ಎದುರು ಹಿಡಿಯುತ್ತೇವೆಯೋ ಅವನೇ ನಮ್ಮ ಜೋಡೀದಾರ. ನಮ್ಮಿಬ್ಬರ ವಯಸ್ಸು ಒಂದೇ, ತೂಕವೂ ಒಂದೇ. ಹತ್ತು ವರ್ಷ ಹಿಡಿದೆ, ಹತ್ತು ವರ್ಷವೂ ಅವನ ಕೆಳಗೇ ಇದ್ದೆ ಎಂದರೆ ನಡೆದೀತು. ಕೆಡವಿದ ಮೇಲೆ ಎದುರಾಳಿಯ ಬೆನ್ನಿನ ಮಣ್ಣನ್ನು ತಾನೇ ಒರೆಸುವುದು ಅವನ ಚಾಳಿ. “ಪೆಟ್ಟಾತೇನಲೇ?” ಎಂದು ಕೇಳುತ್ತಿದ್ದ. ನಾನು ಮುಖ ತಿರುಗಿಸಿದರೆ, “ಮಣ್ಣ ಯಾರ ಬೆನ್ನಿಗಿ ಹತ್ತೂದಿಲ್ಲ? ಜಳಕಾ ಮಾಡಿದ್ರ ಹೋಗತೈತಿ,” ಎಂದು ನಗುತ್ತಿದ್ದ. ಬೈದಿದ್ದರೆ ಸಹಿಸಬಹುದಿತ್ತು, ಆ ನಗೆಯನ್ನು ಸಹಿಸಲಾಗುತ್ತಿರಲಿಲ್ಲ.

ನಮಗೆ ಕಲಿಸುತ್ತಿದ್ದ ವಸ್ತಾದರು ಅವನ ಹಾಲಿಗೆ ಬಾದಾಮಿ ಹೆಚ್ಚು ಅರೆದು ಹಾಕುತ್ತಾರೆಂದು ನನಗೆ ಗುಮಾನಿ. ಒಮ್ಮೆ ಎಣಿಸಿಯೂ ನೋಡಿದೆ. ಇಬ್ಬರಿಗೂ ಏಳೇಳೇ ಇದ್ದವು. ಅದರಿಂದ ನನ್ನ ಹೊಟ್ಟೆಕಿಚ್ಚೇನೂ ಆರಲಿಲ್ಲ.

ಅವನ ಅಪ್ಪ ಬಟ್ಟೆ ಹೊಲಿಯುತ್ತಿದ್ದರು, ಮನೆಯಲ್ಲಿ ಮರಾಠಿ. ಅವನ ತಾಯಿಯ ತವರು ಸಾವಂತವಾಡಿ ಎಂದೇ ಓಣಿಯವರೆಲ್ಲ ತಿಳಿದಿದ್ದರು. ಒಂದು ದಿನ ತಾಲೀಮು ಮುಗಿದ ಮೇಲೆ, ಬಾವಿ ಕಟ್ಟೆಯ ಮೇಲೆ ಎಣ್ಣೆ ತಿಕ್ಕಿಕೊಳ್ಳುತ್ತ ನನಗೆ ಹೇಳಿದ: “ಸಾವಂತವಾಡಿ ಅಲ್ಲಲೇ. ಅದರ ಆಚೀಕ, ಗೋವಾದಾಗಿನ ಹಳ್ಳಿ. ನಾ ಹುಟ್ಟಿದ್ದೂ ಅಲ್ಲೇ. ಆವಾಗ ಅಲ್ಲಿ ಪೋರ್ತುಗೀಜರ ರಾಜ್ಯ. ಯಾರ ಮುಂದೂ ಅನಬ್ಯಾಡ, ನಮ್ಮವ್ವ ಅಂಜತಾಳ.” ಹಳ್ಳಿಯ ಹೆಸರನ್ನೂ ಹೇಳಿದ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಶಾಲೆಯಲ್ಲಿ ಹುಟ್ಟಿದೂರು ಕೇಳಿದರೆ ಎಲ್ಲರೂ ಅಪ್ಪನ ಊರನ್ನೇ ಬರೆಸುತ್ತಾರೆ. ಅವನ ದಾಖಲೆಯಲ್ಲೂ ಜಮಖಂಡಿ ಎಂದೇ ಇತ್ತು.

ಗೋವೆ ನಮ್ಮದಾಗಿ ಎಷ್ಟೋ ವರ್ಷಗಳಾಗಿದ್ದವು. ಹೊರದೇಶದ ಕುಸ್ತಿಗೆ ಹೋಗುವ ಭಾರತದ ತಂಡಕ್ಕೆ ನಮ್ಮ ತೂಕದಲ್ಲಿ ಒಬ್ಬನನ್ನು ಕಳಿಸುವ ಸರದಿ ಆ ಸಲ ನಮ್ಮ ರಾಜ್ಯದ್ದು, ಆಯ್ಕೆ ನಡೆದದ್ದು ಜಮಖಂಡಿಯಲ್ಲೇ. ಮುಧೋಳ, ಮಹಾಲಿಂಗಪುರದಿಂದ ಹಿಡಿದು ಬೆಂಗಳೂರಿನ ತನಕದಿಂದ ಬಂದವರನ್ನೆಲ್ಲ ಅವನು ಕೆಡವಿದ. ಕೊನೆಗೆ ನನ್ನನ್ನೂ. ಅವನ ಹೆಸರು ಮೊದಲು, ನನ್ನದು ಎರಡನೆಯದು. ಆ ದಿನ ಊರೆಲ್ಲ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯಿತು. ನಾನೂ ಕುಣಿದೆ, ಹೊಟ್ಟೆಯಲ್ಲಿ ಮಾತ್ರ ಬೆಂಕಿ ಬಿದ್ದಿತ್ತು.

ಆಯ್ಕೆಗೆ ಬಂದಿದ್ದ ಬೆಂಗಳೂರಿನ ಸಾಹೇಬರು ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದರು. ಮರುದಿನ ಬೆಳಿಗ್ಗೆ ಅವರಿಗೆ ಚಹಾ ಒಯ್ಯುವ ನೆಪ ಮಾಡಿಕೊಂಡು ಹೋದೆ. ಅವರು ಅವನ ಪಾಸ್‌ಪೋರ್ಟಿನ ಅರ್ಜಿ ತುಂಬುತ್ತಿದ್ದರು. “ಹುಟ್ಟಿದೂರು ಜಮಖಂಡಿ ಬರದೀರೇನ್ರಿ?” ಎಂದೆ. “ಅಂವ ಹುಟ್ಟಿದ್ದು ಇಲ್ಲಿ ಅಲ್ಲರಿ. ಗೋವಾದಾಗ, ಪೋರ್ತುಗೀಜರ ಕಾಲದಾಗ.” ಹಳ್ಳಿಯ ಹೆಸರನ್ನೂ ಸೇರಿಸಿದೆ. ಅವರು ಪೆನ್ನು ಕೆಳಗಿಟ್ಟರು.

ಅವನನ್ನು ಕರೆಸಿ ಕೇಳಿದರು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. “ಹೌದ್ರಿ. ಆದ್ರ ನಾ ಬೆಳದಿದ್ದು ಈ ಮಣ್ಣಾಗರಿ. ಮತ್ತ್ಯಾವ ದೇಶದಾಂವ ಆಗ್ಲಿರಿ ನಾ?” ಎಂದ. ಸಾಹೇಬರು ಕೆಟ್ಟವರಲ್ಲ. “ನೀನು ನಮ್ಮವನೇ ಕಣಪ್ಪ. ಆದರೆ ಪೋರ್ತುಗೀಜರ ಆಳ್ವಿಕೆಯಲ್ಲಿ ಹುಟ್ಟಿದವನು ಭಾರತೀಯನೇ ಎನ್ನಲು ಪಣಜಿಯಿಂದ ಕಾಗದ ಬರಬೇಕು, ನಮಗಿರುವುದು ಹತ್ತೇ ದಿನ,” ಎಂದರು. ಕಾಗದ ಬಂದದ್ದು ಎರಡು ತಿಂಗಳ ಮೇಲೆ. ಅವನು ಭಾರತೀಯನೇ ಎಂದು ಅದರಲ್ಲಿ ಮೊಹರು ಹಾಕಿ ಬರೆದಿತ್ತು. ಅಷ್ಟರಲ್ಲಿ ನಾನು ದೇಶದ ಅಂಗಿ ತೊಟ್ಟು, ಹೋಗಿ, ಮೊದಲ ಸುತ್ತಿನಲ್ಲೇ ಚಿತ್ತಾಗಿ ತಿರುಗಿ ಬಂದಿದ್ದೆ.

ಹೋಗುವ ಮೊದಲಿನ ಆ ಹತ್ತು ದಿನ ನನ್ನನ್ನು ತಯಾರು ಮಾಡಿದವನು ಅವನೇ. ಯಾರಿಗೂ ಹೇಳಿಕೊಡದ ಸೊಂಟದ ಪಟ್ಟು ಒಂದಿತ್ತು ಅವನದು. ಅದನ್ನೂ ಕಲಿಸಿದ. ನನಗೆ ಕೊನೆಗೂ ಅದು ಒಗ್ಗಲಿಲ್ಲ.

ಸೋತರೂ ಕೈಗೆ ಸರ್ಟಿಫಿಕೇಟು ಬಂದಿತ್ತು. ಅದರ ಮೇಲೆ ಪೊಲೀಸ್ ಖಾತೆಯಲ್ಲಿ ನೌಕರಿ, ಬಾಗಲಕೋಟೆಯಲ್ಲಿ ಮನೆ, ಊರಿಗೆ ಬಂದರೆ ಸನ್ಮಾನ. ಅವನು ಬನಹಟ್ಟಿಗೆ ಹೋಗಿ ಪವರ್‌ಲೂಮ್ ನಡೆಸಿದ, ಸಂಜೆ ಹುಡುಗರಿಗೆ ಕುಸ್ತಿ ಕಲಿಸಿದ. ಅವನ ಹುಡುಗರು ಎಲ್ಲಿ ಹೋದರೂ ಗೆದ್ದು ಬರುತ್ತಿದ್ದರು. ಅದನ್ನು ಕೇಳಿದಾಗಲೂ ನನಗೆ ಅನ್ನ ಸೇರುತ್ತಿರಲಿಲ್ಲ.

ಇಪ್ಪತ್ತು ವರ್ಷಗಳ ಮೇಲೆ ಅವನಿಗೆ ಕಾಮಾಲೆ ಎಂದು ಕೇಳಿ ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದ. ತಡೆಯಲಾಗದೆ ಹೇಳಿಬಿಟ್ಟೆ: “ಅವತ್ತ ಸಾಹೇಬ್ರ ಮುಂದ ಹೇಳಿದಾಂವ ನಾನ.”

“ಗೊತ್ತಿತ್ತಲೇ,” ಎಂದ. “ಆ ಹಳ್ಳಿ ಹೆಸರ ನಾ ನಿನಗೊಬ್ಬನಿಗೇ ಹೇಳಿದ್ದೆ.”

“ಗೊತ್ತಿದ್ದೂ ಪಟ್ಟು ಕಲಿಸಿದಿ?”

“ಮತ್ತ? ನಾ ಅಂತೂ ಹೋಗೂದಿಲ್ಲ ಅಂತಾತು. ನೀನರ ಹೋಗಿ ಗೆದ್ದ ಬರಬಾರದೇನು?”

ಅಳು ಬರಬೇಕಿತ್ತು. ನಿಜ ಹೇಳುತ್ತೇನೆ, ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಇದರಲ್ಲೂ ಇವನೇ ಮೇಲಾದನಲ್ಲ ಎಂದು. ಬಸ್ ಸ್ಟ್ಯಾಂಡ್ ತಲುಪಿದ ಮೇಲೆ ಅಳು ಬಂತು.

ಅವನು ಹೋದದ್ದು ಅದೇ ತಿಂಗಳು. ಚಟ್ಟ ಎತ್ತುವ ಹೊತ್ತಿಗೆ ನಾನು ಹಿಂದೆ, ಗೋಡೆಯ ಪಕ್ಕ ನಿಂತಿದ್ದೆ. ಓಣಿಯ ಹಿರಿಯರೊಬ್ಬರು ಜನರನ್ನು ಸರಿಸಿದರು. “ಅವರಿಗೆ ದಾರಿ ಬಿಡ್ರಿ. ದೇಶಕ್ಕ ಕುಸ್ತಿ ಹಿಡದ ಬಂದವರು, ಮುಂದಿನ ಹೆಗಲ ಅವರ ಕೊಡ್ಲಿ.” ನಾನು ಬೇಡವೆಂದು ಕೈ ಆಡಿಸಿದೆ. ಅವನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: “ಬರ್ರಿ ಅಣ್ಣಾರ. ನಮ್ಮನಿಯವರೂ ಹಂಗ ಹೇಳಿ ಹೋಗ್ಯಾರ, ಮುಂದ ನೀವ ಇರಬೇಕಂತ.”

ಹೋಗಿ ಹೆಗಲು ಕೊಟ್ಟೆ. ಹತ್ತು ವರ್ಷ ಹಿಡಿದಾಡಿಯೂ ನೆಲದಿಂದ ಎತ್ತಲಾಗದಿದ್ದವನನ್ನು ಅಂದು ಮೊದಲ ಸಲ ಎತ್ತಿದೆ, ಅದೂ ಅವನೇ ಬಿಟ್ಟುಕೊಟ್ಟಿದ್ದರಿಂದ.