ಕನ್ನಡಿ ಹಿಡಿದವಳ ಮುಖ

ಬೈಲಹೊಂಗಲದ ಪೇಟೆಯಲ್ಲಿ ಗಂಗಯ್ಯನವರ ಮುದ್ರಣಾಲಯಕ್ಕೆ ಮರದ ಅಚ್ಚು ಕೆತ್ತಿಕೊಡುತ್ತಿದ್ದವರು ನಿಜಗುಣಪ್ಪ. ಮದುವೆ ಪತ್ರಿಕೆಗೆ ಕಳಸ, ಬೀಜದ ಚೀಲಕ್ಕೆ ಜೋಡೆತ್ತು, ಲಿಂಗಾಯತರ ಮನೆಯಲ್ಲಿ ಸತ್ತವರ ಶಿವಗಣಾರಾಧನೆಯ ಪತ್ರಿಕೆಗೆ ಕುಳಿತ ಶವ. ಈ ಕೊನೆಯ ಅಚ್ಚು ಒಂದೇ ಇತ್ತು. ಎರಡೂವರೆ ಅಂಗುಲ ಅಗಲ, ಮೂರು ಅಂಗುಲ ಎತ್ತರ. ಮುಚ್ಚಿದ ಕಣ್ಣು, ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಹದಿನಾರು ವರ್ಷ ಮುನವಳ್ಳಿಯಿಂದ ಸಿರಸಂಗಿಯವರೆಗೆ ಯಾರು ಲಿಂಗೈಕ್ಯರಾದರೂ ಹೆಸರು ಬದಲಾಗುತ್ತಿತ್ತು, ಮುಖ ಅದೇ.

ಅಚ್ಚಿನಲ್ಲಿ ಎಡಕ್ಕಿದ್ದದ್ದು ಕಾಗದದ ಮೇಲೆ ಬಲಕ್ಕೆ ಬರುತ್ತದೆ. ಆದ್ದರಿಂದ ಅವರು ಮೊದಲು ಚಿತ್ರ ಬರೆದು, ಅದನ್ನು ಕನ್ನಡಿಯಲ್ಲಿ ನೋಡುತ್ತ ಕೆತ್ತುತ್ತಿದ್ದರು. ಕನ್ನಡಿ ಹಿಡಿಯುತ್ತಿದ್ದವಳು ಹೆಂಡತಿ ಶೆಟ್ಟೆವ್ವ.

“ಎಲ್ಲಾರಿಗೂ ಒಂದ ಮಾರಿ ಕೊಟ್ಟೀರಿ. ಕೈಲಾಸದಾಗ ಗುರ್ತ ಹೆಂಗ ಹಿಡೀಬೇಕ್ರಿ?” ಎಂದು ಆಕೆ ಕಾಡುತ್ತಿದ್ದಳು. “ನನಗರ ಬ್ಯಾರೆ ಮಾಡ್ರಿ.”

“ನಿನಗ್ಯಾಕ ಅವಸರ? ಕೈ ಅಲುಗಸಬ್ಯಾಡ.”

1996ರ ಮಾರ್ಚ್‌ನಲ್ಲಿ, ಮೂರು ದಿನದ ಜ್ವರಕ್ಕೆ ಶೆಟ್ಟೆವ್ವ ತೀರಿಕೊಂಡಳು. ಆಕೆಯ ಫೋಟೊ ಒಂದೂ ಇರಲಿಲ್ಲ. ಪತ್ರಿಕೆಯಲ್ಲಿ ಆಕೆಯದೇ ಮುಖ ಇರಬೇಕೆಂದು ನಿಜಗುಣಪ್ಪ ಎರಡು ದಿನ ಕುಳಿತು ಕೆತ್ತಿದರು. ಚಿತ್ರ ಬರೆಯಲಿಲ್ಲ, ಬೇಕಾಗಿರಲಿಲ್ಲ. ಮಣ್ಣು ಮಾಡುವ ಮೊದಲು ಗೋಡೆಗೆ ಒರಗಿಸಿ ಕೂರಿಸಿದ್ದ ಆಕೆ ಇನ್ನೂ ಕಣ್ಣೆದುರಿಗೇ ಇದ್ದಳು.

ಮೊದಲ ಪ್ರತಿ ತೆಗೆದ ಗಂಗಯ್ಯ ಅದನ್ನು ಬೆಳಕಿಗೆ ಹಿಡಿದರು. ಗಲ್ಲದ ಕುಳಿ, ಹುಬ್ಬಿನ ಮೇಲಿನ ಗಾಯದ ಕಲೆ, ಎಲ್ಲ ಆಕೆಯದೇ.

“ಮಾರಿ ಖರೇನ ಅಕೀದ ಐತಿ, ನಿಜಗುಣಪ್ಪ. ಆದರ ಎಡಗೈಯಾಗ ಇರಬೇಕಾದ ಲಿಂಗ ಬಲಗೈಯಾಗ ಬಂದೈತಿ.”

ನಿಜಗುಣಪ್ಪ ನೋಡಿದರು. ಮೂಗುಬೊಟ್ಟೂ ಬಲಕ್ಕೆ ಬಂದಿತ್ತು. ಕನ್ನಡಿ ಇಲ್ಲದೆ, ಕಂಡಂತೆಯೇ ಕೆತ್ತಿಬಿಟ್ಟಿದ್ದರು.

“ಇನ್ನೊಂದು ಕೆತ್ತತೇನ್ರಿ, ಅಯ್ಯಾರ.”

“ಪತ್ರಿಕಿ ನಾಳೆ ಹೋಗಬೇಕೋ. ಮಂದಿಗೆ ಹಿಂಗ ಹಂಚಾಕ ಬರೂದಿಲ್ಲ.”

ಮುನ್ನೂರು ಪತ್ರಿಕೆ ಹಳೆಯ ಅಚ್ಚಿನಿಂದಲೇ ಮುದ್ರಣವಾದವು. ಶೆಟ್ಟೆವ್ವನೂ ಎಲ್ಲರ ಮುಖವನ್ನೇ ಹೊತ್ತು ಹೋದಳು.

ಆಮೇಲೆ ಅವರು ಎರಡು ಸಲ ಕೆತ್ತಲು ಕುಳಿತರು. ಆ ಮುಖ ಮತ್ತೆ ಬರಲಿಲ್ಲ. ಆ ಒಂದೇ ಪ್ರತಿಯನ್ನು ಮನೆಯ ಗೋಡೆಗೆ ಅಂಟಿಸಿ, ಎದುರು ಗೋಡೆಗೆ ಆಕೆ ಹಿಡಿಯುತ್ತಿದ್ದ ಕನ್ನಡಿಯನ್ನು ತೂಗುಹಾಕಿದರು. ಕನ್ನಡಿಯಲ್ಲಿ ಲಿಂಗ ಎಡಗೈಯಲ್ಲಿರುತ್ತಿತ್ತು, ಮೂಗುಬೊಟ್ಟು ಎಡಕ್ಕಿರುತ್ತಿತ್ತು. 2003ರಲ್ಲಿ ತೀರಿಕೊಳ್ಳುವವರೆಗೆ, ಗಡ್ಡ ಬೋಳಿಸಿಕೊಳ್ಳುವಾಗ ಕೂಡ, ನಿಜಗುಣಪ್ಪ ಆ ಕನ್ನಡಿಗೆ ಅಡ್ಡ ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು, ತಮ್ಮ ಅರ್ಧ ಮುಖಕ್ಕಷ್ಟೇ ಜಾಗ ಮಾಡಿಕೊಳ್ಳುತ್ತಿದ್ದರು.